ಇಪ್ಪತ್ತೆಂಟು ಕಿಲೋ ಸುಣ್ಣ, ಒಂಬತ್ತು ಲೀಟರ್ ನೀರು

ಸ್ಟಾಯ್ಕಿಯೋಮೆಟ್ರಿ ಎಂಬ ವಿದ್ಯೆಯನ್ನು ಮೂರೇ ದಿನದಲ್ಲಿ ಅರೆದು ಕುಡಿದ ಮಹಾನುಭಾವ ಆಳಂದ ತಾಲೂಕಿನಲ್ಲಿ ಯಾರಾದರೂ ಇದ್ದರೆ ಅದು ನಾನೇ ಎಂದು 1996ರ ದಸರೆಗೆ ಮುಂಚೆ ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ದಸರೆಯ ನಂತರ ಹೇಳುವುದನ್ನು ಬಿಟ್ಟೆ. ಎದೆ ತಟ್ಟಿದರೆ ಆಗ ಅಂಗಿಯಿಂದ ಸುಣ್ಣದ ಪುಡಿ ಏಳುತ್ತಿತ್ತು.

ನನ್ನ ಹೆಸರು ಶಿವರಾಯ. ಆಳಂದದ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಹತ್ತೊಂಬತ್ತು ವರ್ಷ ಬಹಮನಿ ಸುಲ್ತಾನರನ್ನು ಒಬ್ಬೊಬ್ಬರಾಗಿ ಗದ್ದುಗೆಯ ಮೇಲೆ ಕೂಡಿಸಿ, ಒಬ್ಬೊಬ್ಬರಾಗಿ ಇಳಿಸಿ, ಅವರಿಗೆ ಬೇಸರವಾಗದಿದ್ದರೂ ನನಗೆ ಬೇಸರವಾಗಿತ್ತು. ಅದೇ ಹೊತ್ತಿಗೆ ನಮ್ಮ ಒಬ್ಬಳೇ ಮಗಳು ಮಹಾನಂದಾ ಪಿಯುಸಿ ಎರಡನೇ ವರ್ಷಕ್ಕೆ ಬಂದಿದ್ದಳು. ಅವಳಿಗೆ ಇಂಜಿನಿಯರಿಂಗ್ ಓದಬೇಕೆಂಬ ಹಟ. ಅದಕ್ಕೆ ಸಿಇಟಿ ಎಂಬ ಪ್ರವೇಶ ಪರೀಕ್ಷೆ. ಆ ಪರೀಕ್ಷೆಗೆ ಗುಲಬರ್ಗಾದಲ್ಲಿ ರವಿವಾರಕ್ಕೊಮ್ಮೆ ಕೋಚಿಂಗ್ ಕ್ಲಾಸು. ಪಕ್ಕದ ಮನೆಯ ಗೌಸಿಯಾಬೇಗಂ ಅವರ ಮಗಳು ಆಗಲೇ ಹೆಸರು ಹಚ್ಚಿ ಬಂದಿದ್ದಳು.

"ಅಪ್ಪಾ, ನಾನೂ ಹೋಗ್ಲೇನ್ರಿ?" ಎಂದು ಮಹಾನಂದಾ ಕೇಳಿದಳು.

"ಯಾಕ? ಮನ್ಯಾಗ ಮಾಸ್ತರ ಇಲ್ಲೇನು?" ಎಂದೆ ನಾನು.

"ನೀವು ಇತಿಹಾಸದವರ್ರಿ. ಇದು ಕೆಮಿಸ್ಟ್ರಿ. ನನಗ ಸ್ಟಾಯ್ಕಿಯೋಮೆಟ್ರಿ ಜರಾ ತೊಡಕಾಗ್ಯದ."

"ಔರಂಗಜೇಬನ ತಲೀನ ತಿಳ್ಕೊಂಡವಗ ಇದೇನ್ ದೊಡ್ಡದು? ಮೂರು ದಿನಾ ಕೊಡು."

ಹೀಗೆ ಹೇಳಿದ್ದು ಶುದ್ಧ ಜಂಭದಿಂದ ಎಂದು ನೀವು ತಿಳಿದರೆ ಅರ್ಧ ಮಾತ್ರ ಸರಿ. ಉಳಿದರ್ಧ ಹೇಳಲು ಈಗಲೂ ಸಂಕೋಚ. ಹತ್ತನೇ ಇಯತ್ತೆಯ ತನಕ ಈ ಹುಡುಗಿ ಎಲ್ಲವನ್ನೂ ನನ್ನನ್ನೇ ಕೇಳುತ್ತಿದ್ದಳು. ಅನ್ನ ಉಣ್ಣುವಾಗ ಕೇಳುತ್ತಿದ್ದಳು, ನಾನು ಗಡ್ಡ ಹೆರೆಯುವಾಗ ಕೇಳುತ್ತಿದ್ದಳು. ಸೈನ್ಸ್ ಹಿಡಿದ ಮೇಲೆ ಕೇಳುವುದು ನಿಂತಿತು. ಎರಡು ವರ್ಷದಿಂದ ಅವಳು ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ಅಪ್ಪಾ, ಊಟಕ್ಕ ಬರ್ತೀರೇನ್ರಿ?" ಅದಕ್ಕೆ ಉತ್ತರ ಹೇಳಲು ಬಿ.ಎಡ್. ಬೇಕಾಗಿರಲಿಲ್ಲ. ನನಗೆ ಬಹಳ ಕೆಟ್ಟದೆನಿಸುತ್ತಿತ್ತು. ಗುಲಬರ್ಗಾದ ಯಾವನೋ ಮಾಸ್ತರ ನನ್ನ ಜಾಗದಲ್ಲಿ ಕೂಡುವುದನ್ನು ನೆನೆದರೆ ಬಿಸಿ ರೊಟ್ಟಿಯೂ ರುಚಿಸುತ್ತಿರಲಿಲ್ಲ.

ಅದಕ್ಕೇ ಮಗಳ ಪುಸ್ತಕ ತೆಗೆದುಕೊಂಡು ಅಟ್ಟ ಹತ್ತಿದೆ. ಮೊದಲ ದಿನ ಪಾಠದ ಹೆಸರನ್ನು ತಡೆಯಿಲ್ಲದೆ ಉಚ್ಚರಿಸಲು ಕಲಿತೆ. ಎರಡನೆಯ ದಿನ ಮೋಲ್ ಎಂದರೇನೆಂದು ತಿಳಿಯಿತು. ಮೂರನೆಯ ದಿನ ನನಗೆ ಜ್ಞಾನೋದಯ. ಇದರಲ್ಲಿ ಏನೂ ಇಲ್ಲ! ಯಾವ ವಸ್ತು ಎಷ್ಟು ಕೂಡಿದರೆ ಇನ್ನೊಂದು ಎಷ್ಟು ಹುಟ್ಟುತ್ತದೆ ಎಂಬ ಲೆಕ್ಕ, ಅಷ್ಟೇ. ಇದನ್ನು ಕಲಿಸಲು ನಲವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಬೇಕೇ? ಪಾಠ ಮುಗಿದ ಮರುಪುಟದಲ್ಲಿ ಇನ್ನೊಂದು ಪಾಠ ಶುರುವಾಗುತ್ತಿತ್ತು, ಶಾಖ ಗೀಖ ಎಂದು ಏನೋ ಇತ್ತು. ಅದು ನನ್ನ ಮೂರು ದಿನದ ವಾಯಿದೆಯೊಳಗೆ ಬರುತ್ತಿರಲಿಲ್ಲವಾದ್ದರಿಂದ ಪುಸ್ತಕ ಮುಚ್ಚಿ ಕೆಳಗಿಳಿದೆ.

ಅಡಿಗೆಮನೆಯಲ್ಲಿಯೇ ಪಾಠ ಶುರು ಮಾಡಿದೆ. ನನ್ನ ಹೆಂಡತಿ ಗುರುಬಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ನೋಡು ಮಾನಂದಾ," ಎಂದೆ, "ಒಬ್ಬರಿಗೆ ಎರಡು ರೊಟ್ಟಿ, ಒಂದು ಬದನೀಕಾಯಿ ಅಂತ ಇಟ್ಕೋ. ಹತ್ತು ರೊಟ್ಟಿ ಅವ, ಮೂರೇ ಬದನೀಕಾಯಿ ಅವ. ಎಷ್ಟು ಮಂದಿ ಉಣ್ತಾರ?"

"ಮೂರು ಮಂದಿ ಅಪ್ಪಾ. ಬದನೀಕಾಯಿ ಲಿಮಿಟಿಂಗ್ ರಿಯೇಜೆಂಟ್. ಮೊದಲು ಅದೇ ಮುಗೀತದ, ನಾಕು ರೊಟ್ಟಿ ಉಳೀತಾವ."

"ಶಾಬಾಸ್!"

"ಏನ್ ಶಾಬಾಸ್ ಬೇಕಾಗ್ಯದ್ರಿ," ಎಂದಳು ಗುರುಬಾಯಿ, ಕೈ ನಿಲ್ಲಿಸದೆ. "ಬದನೀಕಾಯಿ ಮುಗದ್ರ ಚಟ್ನಿ ಹಚಗೊಂಡು ಉಣ್ತಾರ. ಈ ಮನ್ಯಾಗ ಮೊದಲು ಮುಗಿಯೋದು ನನ್ನ ಸಬರ, ನನ್ನ ತಾಳ್ಮಿ."

ನಾನು ಅದನ್ನು ವಿದ್ವತ್ತಿನ ಮಾತೆಂದು ಪರಿಗಣಿಸಲಿಲ್ಲ. ಪಾಠ ಮುಂದುವರಿಸಿದೆ. ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಅರಳಿದ ಸುಣ್ಣ ಆಗುತ್ತದೆ. ಐವತ್ತಾರು ಭಾಗ ಸುಣ್ಣಕ್ಕೆ ಹದಿನೆಂಟು ಭಾಗ ನೀರು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಇದು ಪ್ರಕೃತಿಯ ಕಾಯಿದೆ, ತಹಶೀಲ್ದಾರರೂ ತಿದ್ದಲಾರರು.

"ಅಪ್ಪಾ," ಎಂದಳು ಮಗಳು, "ಈ ಸಮೀಕರಣದ ಕಡೀಕ ಶಾಖದ ಗುರ್ತು ಇರ್ತದಲ್ರಿ, ಅದಕ್ಕೇನು ಮಾಡಬೇಕ್ರಿ?"

ಎರಡು ವರ್ಷದ ನಂತರ ಕೇಳಿದ ಮೊದಲ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಿದ್ದರೆ ಗೌಸಿಯಾಬೇಗಂ ಅವರ ಟಬ್ ಇವತ್ತಿಗೂ ಇರುತ್ತಿತ್ತು.

"ಅದು ಮುಂದಿನ ಪಾಠ," ಎಂದೆ ಗಂಭೀರವಾಗಿ. "ಈಗ ಅದಕ್ಕ ತಲೀ ಕೆಡಿಸ್ಕೋಬ್ಯಾಡ."

"ಹೂಂ ಅಪ್ಪಾ," ಎಂದಳು ಮಹಾನಂದಾ. ಆ 'ಹೂಂ' ಸ್ವಲ್ಪ ಉದ್ದವಾಗಿತ್ತು. ಆಗ ನಾನು ಗಮನಿಸಲಿಲ್ಲ.

ಇಷ್ಟರಲ್ಲಿ ದಸರೆ ಬಂತು. ನಮ್ಮ ಕಡೆ ದಸರೆಗೆ ಮನೆಗೆ ಸುಣ್ಣ ಹಚ್ಚದಿದ್ದರೆ ಬನ್ನಿ ಕೊಡಲು ಬಂದವರು ಬನ್ನಿಗಿಂತ ಹೆಚ್ಚು ಮಾತು ಕೊಟ್ಟು ಹೋಗುತ್ತಾರೆ. ಸುಣ್ಣ ಹಚ್ಚುವ ಹುಲೆಪ್ಪ ಪ್ರತಿ ವರ್ಷದಂತೆ ಬಂದು ಅಂಗಳದಲ್ಲಿ ಕುಳಿತು, ಗೋಡೆಗಳನ್ನು ಒಮ್ಮೆ ನೋಡಿ, ಬೇಕಾದದ್ದನ್ನು ಹೇಳಿದ.

"ಎರಡು ಪುಟ್ಟಿ ಸುಣ್ಣದ ಕಲ್ಲು, ಜರಾ ನೀಲಿ, ಅಂಟಿಗಿ ಜರಾ ಸರೇಸು. ಮತ್ತ ಹತ್ತು ಕೊಡ ನೀರು. ನಾ ಇಲ್ಲೇ ಅಂಗಳದಾಗ ತಗ್ಗು ತೋಡಿ ಅರಳಸ್ತೇನ್ರಿ."

"ಹತ್ತು ಕೊಡ?" ಎಂದೆ. ನಮ್ಮ ಓಣಿಗೆ ನಳದ ನೀರು ನಾಲ್ಕು ದಿನಕ್ಕೊಮ್ಮೆ. ಉಳಿದ ದಿನ ಗುರುಬಾಯಿ ಮಠದ ಬಾವಿಯಿಂದ ಹೊರಬೇಕು. "ಹುಲೆಪ್ಪ, ಯಾವ ಆಧಾರದ ಮ್ಯಾಲ ಹತ್ತು ಕೊಡ ಅಂತೀ?"

"ಆಧಾರ ಅಂದ್ರ? ನಮ್ಮಪ್ಪನೂ ಹತ್ತೇ ಹಾಕ್ತಿದ್ದರಿ."

ನೋಡಿದಿರಾ? ಇದಕ್ಕೇ ನಮ್ಮ ದೇಶ ಹಿಂದುಳಿದದ್ದು. ನಾನು ಪೆನ್ಸಿಲು ತೆಗೆದು ಹುಲೆಪ್ಪನ ಎದುರಿಗೇ ಗೋಡೆಯ ಮೇಲೆ ಲೆಕ್ಕ ಮಾಡಿದೆ. ಹೇಗೂ ಸುಣ್ಣ ಹಚ್ಚುವ ಗೋಡೆ. ಎರಡು ಪುಟ್ಟಿ ಎಂದರೆ ಸುಮಾರು ಇಪ್ಪತ್ತೆಂಟು ಕಿಲೋ. ಐವತ್ತಾರಕ್ಕೆ ಹದಿನೆಂಟಾದರೆ ಇಪ್ಪತ್ತೆಂಟಕ್ಕೆ ಒಂಬತ್ತು. ಒಂಬತ್ತು ಲೀಟರ್! ಒಂದು ಕೊಡವೂ ಪೂರ್ತಿ ಬೇಡ. ಅಪ್ಪನ ಕಾಲದಿಂದ ಈ ಮನುಷ್ಯ ಆಳಂದದ ಮನೆ ಮನೆಯಲ್ಲಿ ಒಂಬತ್ತೊಂಬತ್ತು ಕೊಡ ನೀರನ್ನು ಸುಮ್ಮನೆ ಚೆಲ್ಲುತ್ತ ಬಂದಿದ್ದಾನೆ ಎಂದು ನನಗೆ ಕನಿಕರವೇ ಬಂತು.

ಹುಲೆಪ್ಪ ಗೋಡೆಯ ಮೇಲಿನ ಲೆಕ್ಕವನ್ನು ನೋಡಿದ. ನನ್ನನ್ನು ನೋಡಿದ. ಎದ್ದು ಧೋತರ ಕೊಡವಿಕೊಂಡ.

"ಹಾಂಗಾದ್ರ ನೀವೇ ಅರಳಸ್ರಿ ಮಾಸ್ತರ್ರ. ನಾ ನಾಳಿ ಹೊತ್ತೇರಿ ಬರ್ತೇನಿ, ಹಚ್ಚಾಕ."

ಅವನು ಹೋದ ಮೇಲೆ ಗುರುಬಾಯಿ ಒಳಗಿನಿಂದ ಬಂದಳು. ಅವಳು ಸಿಟ್ಟಿಗೆದ್ದಾಗ ಕೂಗುವುದಿಲ್ಲ, ಸೆರಗನ್ನು ಸೊಂಟಕ್ಕೆ ಸಿಗಿಸುತ್ತಾಳೆ. ಸಿಗಿಸಿದಳು.

"ಒಂದು ಮಾತು ಕೇಳ್ರಿ. ಕೋಚಿಂಗಿಗಿ ಹೆಸರು ಹಚ್ಚಾಕ ಈ ರವಿವಾರ ಕಡೀ ದಿನ. ಹುಡುಗಿ ಬಾಯಿ ಬಿಟ್ಟು ಹೇಳವಲ್ಲಳು, ಒಳಗೊಳಗ ಒದ್ದ್ಯಾಡಾಕತ್ತಾಳ. ನಿಮ್ಮ ಲೆಕ್ಕದ ಪರೀಕ್ಷಾ ನಾಳಿ ಆಗಲಿ. ಒಂಬತ್ತು ಲೀಟರಿನ್ಯಾಗ ಗ್ವಾಡಿಗಿ ಹಚ್ಚುವಂಥ ಸುಣ್ಣ ಬಂತಂದ್ರ ನೀವೇ ಮಾಸ್ತರ, ನಾ ಉಸಿರು ಎತ್ತಂಗಿಲ್ಲ. ಬರಲಿಲ್ಲಂದ್ರ ರವಿವಾರ ಏಳರ ಬಸ್ಸಿಗಿ ಮಾನಂದಾ ಗುಲಬರ್ಗಾಕ್ಕ ಹೋಗ್ತಾಳ. ಒಪ್ಪಿಗೀನೇ?"

"ಒಪ್ಪಿಗಿ," ಎಂದೆ. "ನಿನ್ನ ಹತ್ತು ಕೊಡ ನೀರು ಉಳಸ್ತೇನಿ, ಆಮ್ಯಾಲ ನೀನೇ ಊರ ತುಂಬಾ ಹೇಳ್ಕೊಂತ ತಿರಗ್ತಿ."

"ಹೇಳದಂತೂ ಹೇಳ್ತೇನಿ," ಎಂದಳು ಗುರುಬಾಯಿ.

ಮರುದಿನ ಬೆಳಿಗ್ಗೆ ಸುಣ್ಣದ ಕಲ್ಲು ತಂದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಇಪ್ಪತ್ತೊಂಬತ್ತು ಕಿಲೋ. ಒಂದು ಕಿಲೋ ಕಲ್ಲನ್ನು ವಾಪಸು ಕೊಟ್ಟೆ. ಅಂಗಡಿಯವನು ಇನಾಮು ಕೊಟ್ಟದ್ದನ್ನು ಬೇಡವೆನ್ನುವ ಗಿರಾಕಿಯನ್ನು ಅದೇ ಮೊದಲು ನೋಡಿದ್ದಂತೆ.

ಪಾತ್ರೆಯ ಪ್ರಶ್ನೆ ಎದ್ದಿತು. ತಗ್ಗು ತೋಡುವಂತಿಲ್ಲ, ಏಕೆಂದರೆ ಮಣ್ಣು ನೀರು ಕುಡಿಯುತ್ತದೆ, ಲೆಕ್ಕ ತಪ್ಪುತ್ತದೆ. ಗುರುಬಾಯಿಯ ತವರಿನ ತಾಮ್ರದ ಹಂಡೆಯ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ನೋಡಿದೆ.

"ಅಪ್ಪಾ, ಮಠದಾಗ ದಾಸೋಹದ ದೊಡ್ಡ ಕಬ್ಬಿಣದ ಕಡಾಯಿ ಅದಲ್ರಿ. ಕೇಳಿ ತರೋಣೇನ್ರಿ?" ಎಂದಳು ಮಹಾನಂದಾ.

"ಕಬ್ಬಿಣ ಲೋಹ. ಸುಣ್ಣದ ಜೋಡಿ ಏನಾದರೂ ಕಿತಾಪತಿ ಮಾಡ್ತದ. ನಮಗ ಯಾವುದರ ಜೋಡೀನೂ ಬೆರೀದಂಥ, ನೀರು ಕುಡೀದಂಥ ಪಾತ್ರಿ ಬೇಕು. ಪ್ಲಾಸ್ಟಿಕ್!"

"ಹೂಂ ಅಪ್ಪಾ."

ಓಣಿಯಲ್ಲಿ ಅಂಥ ಪಾತ್ರೆ ಒಂದೇ ಇತ್ತು. ಗೌಸಿಯಾಬೇಗಂ ಅವರ ನೀಲಿ ಟಬ್. ಹೈದರಾಬಾದಿನಿಂದ ಬಸ್ಸಿನ ಮೇಲೆ ಕಟ್ಟಿಸಿಕೊಂಡು ತಂದದ್ದು. ಬೇಸಿಗೆಯಲ್ಲಿ ಅದರಲ್ಲಿ ಅವರ ಮೊಮ್ಮಕ್ಕಳು ಮೂವರು ಒಮ್ಮೆಗೇ ಕುಳಿತು ಜಳಕ ಮಾಡುತ್ತಿದ್ದರು. ಓಣಿಯವರು ನೋಡಲಿ ಎಂದು ಉಳಿದ ದಿನ ಅದನ್ನು ಬಾಗಿಲ ಮುಂದೆಯೇ ಬೋರಲು ಹಾಕಿಡುತ್ತಿದ್ದರು.

"ಸುಣ್ಣಕ್ಕ ಟಬ್ ಯಾಕ್ರಿ ಮಾಸ್ಟರ್ ಸಾಬ್? ಖರಾಬ್ ಆಗ್ತದಲ್ರಿ," ಎಂದರು ಗೌಸಿಯಾಬೇಗಂ.

"ಇದು ಬರೇ ಸುಣ್ಣ ಅಲ್ರಿ ಬೇಗಂ. ಮಾನಂದಾನ ಓದಿನ ಕೆಲಸ. ಸಿಇಟಿ."

ಆ ತಾಯಿ ತಕ್ಷಣ ಟಬ್ಬನ್ನು ಸೆರಗಿನಿಂದ ಒರೆಸಿಯೇ ಕೊಟ್ಟರು. "ಪಢಾಯಿ ಕೆಲಸಾ ಅಂದ್ರ ತಗೊಂಡು ಹೋಗ್ರಿ. ಅಲ್ಲಾ ಒಳ್ಳೇದು ಮಾಡ್ಲಿ."

ಅಂಗಳದ ಫರಸಿ ಕಲ್ಲಿನ ಮೇಲೆ ಟಬ್ ಸ್ಥಾಪಿಸಿದೆ. ಅದರಲ್ಲಿ ಇಪ್ಪತ್ತೆಂಟು ಕಿಲೋ ಕಲ್ಲು ಹೇರಿದೆ. ಹಾಲು ಅಳೆಯುವ ಲೀಟರಿನಿಂದ ಒಂಬತ್ತು ಲೀಟರ್ ನೀರು ಅಳೆದು ಬಕೀಟಿಗೆ ಹಾಕಿ, ಅಂಚಿಗೆ ಅಂಟಿದ ಹನಿಯನ್ನೂ ಬೆರಳಿನಿಂದ ಒಳಗೆ ಜಾರಿಸಿದೆ. ಈ ಹೊತ್ತಿಗೆ ಮಹಾನಂದಾ ಹಗ್ಗದ ಮೇಲಿನ ಬಟ್ಟೆಗಳನ್ನೆಲ್ಲ ತೆಗೆದು ಒಳಗೆ ಒಯ್ದಳು. ಬಿಸಿಲಿಗೆ ಹಾಕಿದ್ದ ಮೆಣಸಿನಕಾಯಿಯನ್ನು ಒಳಗೆ ಸರಿಸಿದಳು. ತನ್ನ ಪುಸ್ತಕಗಳನ್ನು ಪಡಸಾಲೆಯಿಂದ ಎತ್ತಿ ಒಳಕೋಣೆಯಲ್ಲಿಟ್ಟು ಬಾಗಿಲು ಎಳೆದಳು. ಎಷ್ಟು ಅಚ್ಚುಕಟ್ಟಿನ ಹುಡುಗಿ ಎಂದು ನನಗೆ ಹೆಮ್ಮೆಯಾಯಿತು.

"ಅಪ್ಪಾ, ಚಷ್ಮಾ ಹಾಕ್ಕೊಳ್ರಿ," ಎಂದಳು.

"ಚಷ್ಮಾ ಓದಾಕ ಬೇಕವ್ವಾ, ಸುಣ್ಣಕ್ಕ ಯಾಕ?"

"ಹಾಕ್ಕೊಳ್ರಿ ಅಪ್ಪಾ." ತಾನೇ ತಂದು ನನ್ನ ಕಿವಿಗೆ ಸಿಕ್ಕಿಸಿ, ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಅವ್ವನನ್ನೂ ತೋಳು ಹಿಡಿದು ಹಿಂದಕ್ಕೆಳೆದುಕೊಂಡಳು.

ನಾನು ನೀರು ಸುರಿದೆ.

ಏನೂ ಆಗಲಿಲ್ಲ. ಕಲ್ಲುಗಳು ನೀರನ್ನು ಹೀರಿ ಸಜ್ಜನರಂತೆ ಕುಳಿತವು. ನನಗೆ ಭಾಷಣ ಮಾಡಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಕ್ಕುತ್ತಿರಲಿಲ್ಲ.

"ನೋಡ್ರಿ," ಎಂದೆ ಟಬ್ಬಿನ ಮೇಲೆ ಬಗ್ಗಿ. "ಒಂದು ಮೋಲ್ ಸುಣ್ಣ, ಒಂದು ಮೋಲ್ ನೀರು. ಹೆಚ್ಚು ಇಲ್ಲ, ಕಡಿಮಿ ಇಲ್ಲ. ಗದ್ದಲಿಲ್ಲ, ಗಲಾಟಿಲ್ಲ. ಈ ತಿಳಿವಳಿಕಿ ತುಘಲಕನಿಗೆ ಇದ್ದಿದ್ದರ..."

ಚಟ್ ಎಂದಿತು.

ಮೊದಲು ಒಂದು ಕಲ್ಲು ಸೀಳಿತು. ಆಮೇಲೆ ನಾಲ್ಕು. ಆಮೇಲೆ ಟಬ್ಬಿನೊಳಗೆ ಯಾರೋ ಸಾಸಿವೆ ಒಗ್ಗರಣೆ ಹಾಕಿದಂಥ ಸದ್ದು. ಹಬೆ ಎದ್ದಿತು, ಸಣ್ಣ ಹಬೆಯಲ್ಲ, ಹತ್ತು ಜಳಕದ ಹಂಡೆಗಳ ಹಬೆ. ನನ್ನ ಚಷ್ಮಾ ಬೆಳ್ಳಗಾಯಿತು. ಒರೆಸಿಕೊಂಡು ನೋಡುತ್ತೇನೆ, ಕಲ್ಲುಗಳು ಹಿಟ್ಟಾಗಿ ಹುಬ್ಬುತ್ತಿವೆ. ಟಬ್ಬಿನ ಅರ್ಧಕ್ಕಿದ್ದದ್ದು ಅಂಚಿಗೆ ಬಂತು, ಅಂಚಿನಿಂದ ಮೇಲಕ್ಕೆ ಗುಡ್ಡವಾಯಿತು. ಟಬ್ ಒಂದು ಬದಿಗೆ ನಗತೊಡಗಿತು. ಅದರ ತುಟಿ ಕೆಳಗೆ ಜೋಲಿತು. ಹೊಟ್ಟೆ ಅಗಲವಾಯಿತು. ಗೌಸಿಯಾಬೇಗಂ ಅವರ ಮೊಮ್ಮಕ್ಕಳು ಮೂವರು ಜಳಕ ಮಾಡುತ್ತಿದ್ದ ಆ ನೀಲಿ ಟಬ್ ನನ್ನ ಕಣ್ಣೆದುರಿಗೇ ಫರಸಿಯ ಮೇಲೆ ಮೆಲ್ಲಗೆ ಕುಳಿತು, ಕಾಲು ಚಾಚಿ, ಮಲಗಿಬಿಟ್ಟಿತು.

"ನೀರು!" ಎಂದು ಕೂಗಿದೆ. ಬಾಗಿಲ ಬಳಿ ಕುಡಿಯುವ ನೀರಿನ ಕೊಡ ಇತ್ತು. ಎತ್ತಿ ಒಂದೇ ಸಲಕ್ಕೆ ಸುರಿದೆ.

"ಅಪ್ಪಾ, ಬ್ಯಾಡ್ರಿ," ಎಂದಳು ಮಹಾನಂದಾ. ಆದರೆ ಆ ಹೊತ್ತಿಗೆ ನಾನು ವಿಜ್ಞಾನದಿಂದ ಇತಿಹಾಸಕ್ಕೆ ಜಾರಿಯಾಗಿತ್ತು.

ಸುಣ್ಣ ಕುದಿಯಿತು. ಕುದಿದದ್ದಷ್ಟೇ ಅಲ್ಲ, ಉಗುಳಿತು. ಬಿಳಿಯ ಮೋಡವೊಂದು ನೆಲದಿಂದ ಎದ್ದು ನನ್ನನ್ನು ಒಳಗೆ ಹಾಕಿಕೊಂಡಿತು. ನಾನು ಹೊರಬಂದಾಗ ತಲೆ, ಮೀಸೆ, ಅಂಗಿ, ಧೋತರ ಎಲ್ಲವೂ ದಸರೆಗೆ ಸಿದ್ಧವಾಗಿದ್ದವು. ಎರಡೂ ಕೈ ಚುರುಚುರು ಎನ್ನುತ್ತಿದ್ದವು. ಸುತ್ತ ನೋಡಿದರೆ ಹಗ್ಗದ ಮೇಲೆ ಬಟ್ಟೆಯಿಲ್ಲ, ಬಿಸಿಲಿನಲ್ಲಿ ಮೆಣಸಿನಕಾಯಿಯಿಲ್ಲ, ಪಡಸಾಲೆಯಲ್ಲಿ ಪುಸ್ತಕವಿಲ್ಲ. ಇಡೀ ಅಂಗಳದಲ್ಲಿ ಹಾಳಾಗುವಂಥದ್ದು ನಾನೊಬ್ಬನೇ ಉಳಿದಿದ್ದೆ.

ಗುರುಬಾಯಿ ಮೊದಲು ನನ್ನ ಕೈ ತೊಳೆದಳು, ಕೊಬ್ಬರಿ ಎಣ್ಣೆ ಹಚ್ಚಿದಳು. ಸುಟ್ಟದ್ದು ಹೆಚ್ಚಲ್ಲವೆಂದು ಖಾತ್ರಿಯಾದ ಮೇಲೆ ಬಾಯಿ ತೆರೆದಳು. ಟಬ್ಬಿದ್ದ ಜಾಗದಲ್ಲಿ ಈಗ ಒಣಗಿದ ಬಿಳಿ ಪುಡಿಯ ಗುಡ್ಡವಿತ್ತು. ಅದರಿಂದ ಒಂದು ಚಿಟಿಕೆ ಎತ್ತಿ ಉದುರಿಸಿದಳು.

"ಇದೇನ್ರಿ ಇದು?"

"ಅರಳಿದ ಸುಣ್ಣ," ಎಂದೆ. "ಲೆಕ್ಕದ ಪ್ರಕಾರ ನೀರೆಲ್ಲಾ ಸುಣ್ಣದಾಗ ಸೇರಿ..."

"ಅಂದ್ರ ಈಗ ಗ್ವಾಡಿಗಿ ಪೌಡರ್ ಹಚ್ಚತೀರೇನ್ರಿ? ಜೋಡಿ ಕಾಡಗಿ, ಕುಂಕುಮಾನೂ ಕೊಡ್ಲೇನು?"

ಬೇಲಿಯ ಆಚೆ ಗೌಸಿಯಾಬೇಗಂ ಬಂದು ನಿಂತಿದ್ದರು. ನಾನು ಫರಸಿಗೆ ಅಂಟಿದ್ದ ನೀಲಿ ತುಂಡೊಂದನ್ನು ಕಿತ್ತು, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ತಲೆ ತಗ್ಗಿಸಿದೆ. ಅವರು ಅದನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಪಢಾಯಿಗಿ ಅಂತ ಕಳಿಸಿದ್ದೆ ಮಾಸ್ಟರ್ ಸಾಬ್," ಎಂದರು ಕಡೆಗೆ. "ಫೇಲಾಗಿ ಬಂತು ನೋಡ್ರಿ."

ಹೊತ್ತೇರಿದ ಮೇಲೆ ಹುಲೆಪ್ಪ ಬಂದ. ಗುಡ್ಡ ನೋಡಿದ, ನನ್ನನ್ನು ನೋಡಿದ, ಗೋಡೆಯ ಮೇಲಿನ ಪೆನ್ಸಿಲಿನ ಲೆಕ್ಕ ನೋಡಿದ. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಸುಮ್ಮನೆ ಅಂಗಳದ ಮೂಲೆಯಲ್ಲಿ ತಗ್ಗು ತೋಡಿ, ಪುಡಿಯನ್ನೆಲ್ಲ ಸಲಿಕೆಯಿಂದ ಅದರೊಳಗೆ ಎಳೆದ.

"ಮಾಸ್ತರ್ರ, ನಿಮ್ಮ ಲೆಕ್ಕ ಬರೋಬ್ಬರಿ ಅದರಿ," ಎಂದ.

ನನಗೆ ಜೀವ ಬಂತು. "ಅದಲ್ಲ? ಕೇಳಿಸ್ಕೊಂಡೇನ್ ಬೇ ಗುರುಬಾಯಿ?"

"ಹತ್ತು ಕೊಡದಾಗ ಸುಣ್ಣ ಕುಡಿಯೋದು ಒಂದೇ ಕೊಡಾ. ನಮ್ಮಪ್ಪನೂ ಅದನ್ನ ಹೇಳತಿದ್ದ. ಇನ್ನ ನಾಕು ಕೊಡಾ ಅದರ ಸಿಟ್ಟು ಇಳಸಾಕ. ಐದು ಕೊಡಾ ಗ್ವಾಡಿಗಿ ಹಚ್ಚಾಕ. ನೀವು ಮೊದಲಿನ ಕೊಡಾ ಲೆಕ್ಕ ಮಾಡಿದ್ರಿ, ಉಳಿದ ಒಂಬತ್ತು ಬಿಟ್ರಿ, ಅಷ್ಟೇ."

ಮೂರು ದಿನ ಅಟ್ಟದ ಮೇಲೆ ಕುಳಿತು ನಾನು ಕಂಡುಹಿಡಿದದ್ದನ್ನು ಈ ಮನುಷ್ಯನಿಗೆ ಇವನಪ್ಪ ಸುಣ್ಣ ಕಲಸುತ್ತ ಹೇಳಿಬಿಟ್ಟಿದ್ದ. ಅದೂ ಮುಂದಿನ ಪಾಠದ ಸಮೇತ.

ಆ ದಿನ ಹತ್ತು ಕೊಡ ನೀರನ್ನು ಮಠದ ಬಾವಿಯಿಂದ ಹೊತ್ತು ತಂದದ್ದು ಯಾರೆಂದು ಹೇಳಬೇಕೇ? ಕೈಗೆ ಎಣ್ಣೆ ಹಚ್ಚಿದ್ದರಿಂದ ಕೊಡ ಜಾರುತ್ತಿತ್ತು, ಹೆಗಲ ಮೇಲೆ ಹೊತ್ತೆ. ಹತ್ತಾದ ಮೇಲೆ ಅಂಗಳ ತೊಳೆಯಲು ಐದು, ನನ್ನನ್ನು ತೊಳೆಯಲು ಎರಡು. ಒಟ್ಟು ಹದಿನೇಳು. ದಾರಿಯಲ್ಲಿ ಸಿಕ್ಕವರೆಲ್ಲ, "ಏನ್ರಿ ಮಾಸ್ತರ್ರ, ಒಂಬತ್ತು ಲೀಟರಿನ್ಯಾಗ ಆಗ್ಲಿಲ್ಲೇನ್ರಿ?" ಎಂದು ವಿಚಾರಿಸಿದರು. ಗುರುಬಾಯಿ ಮಾತಿಗೆ ತಪ್ಪುವವಳಲ್ಲ. ಹೇಳ್ತೇನಿ ಅಂದಿದ್ದಳು, ಹೇಳಿಕೊಂಡು ತಿರುಗಿದ್ದಳು.

ರವಿವಾರ ಏಳರ ಬಸ್ಸಿಗೆ ಮಹಾನಂದಾ ಗುಲಬರ್ಗಾಕ್ಕೆ ಹೊರಟಳು. ಮೊದಲ ದಿನ ಹೆಸರು ಹಚ್ಚಿಸಲು ನಾನೂ ಜೊತೆಗೆ ಹೋದೆ. ಗೌಸಿಯಾಬೇಗಂ ಅವರ ಮಗಳು ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಹಚ್ಚಿ ಮಲಗಿದ್ದಳು. ಬಸ್ಸು ಊರು ದಾಟಿದ ಮೇಲೆ ನನಗೆ ಹಗ್ಗದ ಮೇಲಿನ ಬಟ್ಟೆ ನೆನಪಾಯಿತು. ಆಮೇಲೆ ಮೆಣಸಿನಕಾಯಿ ನೆನಪಾಯಿತು. ಆಮೇಲೆ ಚಷ್ಮಾ.

"ಮಾನಂದಾ," ಎಂದೆ, "ಸುಣ್ಣ ಹಾಂಗ ಕುದೀತದಂತ ನಿನಗ ಮೊದಲೇ ಗೊತ್ತಿತ್ತೇನು?"

"ಗೊತ್ತಿತ್ತರಿ ಅಪ್ಪಾ."

"ಮತ್ತ ಯಾಕ ಹೇಳಲಿಲ್ಲ?"

"ಶಾಖದ್ದು ಏನು ಮಾಡಬೇಕಂತ ಕೇಳಿದ್ನಲ್ರಿ. ಮುಂದಿನ ಪಾಠ ಅಂದ್ರಿ. ಕಬ್ಬಿಣದ ಕಡಾಯಿ ತರೋಣಂದೆ. ಕಿತಾಪತಿ ಮಾಡ್ತದಂದ್ರಿ." ಕಿಟಕಿಯ ಹೊರಗೆ ನೋಡುತ್ತ ಮುಂದುವರಿಸಿದಳು. "ಇನ್ನೊಂದು ಸಲ ಬಾಯಿ ಬಿಟ್ಟು ಹೇಳಬೇಕಂತಿದ್ದೆ. ಆದ್ರ ನೀವು ಗೆದ್ದಿದ್ರ ನಾ ಇವತ್ತು ಮನ್ಯಾಗ ಬದನೀಕಾಯಿ ಎಣಿಸ್ಕೊಂತ ಕೂಡಬೇಕಾಗ್ತಿತ್ತು. ನಿಮ್ಮ ಕಣ್ಣಿಗಿ ಹತ್ತದಂಗ ಚಷ್ಮಾ ಹಾಕಿಸಿದ್ನಲ್ರಿ. ಕೈ ಒಂದು ನೆನಪಾಗಲಿಲ್ಲ ನೋಡ್ರಿ."

ಹೀಗೆ ಹೇಳಿ ನನ್ನ ಸುಟ್ಟ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಗುಲಬರ್ಗಾ ಬರುವ ತನಕ ಬಿಡಲಿಲ್ಲ. ಸಿಟ್ಟು ಮಾಡಬೇಕೆಂದುಕೊಂಡೆ, ಬರಲಿಲ್ಲ. ಅವಳ ಬಯಕೆಗೆ ನಾನು ಎಷ್ಟು ಅಗಲವಾಗಿ ಅಡ್ಡ ಕುಳಿತಿದ್ದೆ ಎಂಬುದು ಆಗ ತಿಳಿಯಿತು. ನಾಚಿಕೆಯಾಯಿತು.

ಮುಂದೆ ಅವಳಿಗೆ ಸೀಟು ಸಿಕ್ಕಿತು, ಕೆಮಿಸ್ಟ್ರಿಯಲ್ಲೇ ಎಲ್ಲಕ್ಕಿಂತ ಹೆಚ್ಚು ಅಂಕ ಬಂದವು. ಅದು ಅವಳ ಪ್ರತಾಪ, ಅವಳೇ ಹೇಳಿಕೊಳ್ಳಲಿ. ನನ್ನ ಪ್ರತಾಪದ ಕಡೆಯ ಕಂತು ನಡೆದದ್ದು ಮೂರನೆಯ ರವಿವಾರ.

ಅವತ್ತೂ ನಾನೇ ಜೊತೆಗೆ ಹೋಗಿದ್ದೆ. ಕೋಚಿಂಗ್ ಕ್ಲಾಸಿನ ಎದುರಿಗೆ ಒಂದು ಬೇವಿನ ಮರ. ಅದರ ಕಟ್ಟೆಯ ಮೇಲೆ ಮಕ್ಕಳನ್ನು ಕರೆತಂದ ತಂದೆಗಳ ದರ್ಬಾರು. ನನ್ನ ಪಕ್ಕಕ್ಕೆ ಕುಳಿತವರು ದೌಲತರಾಯ ಎಂಬ ದೊಡ್ಡ ರುಮಾಲಿನ ಒಕ್ಕಲಿಗರು, ಜೇವರ್ಗಿಯಿಂದ ಮಗಳನ್ನು ಕರೆತಂದಿದ್ದರು. ಜೇಬಿನಿಂದ ಮಡಚಿದ ಒಂದು ಅಚ್ಚಿನ ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು.

"ನೀವು ಓದಿದವರು ಕಾಣ್ತೀರಿ. ಹೋದ ವಾರ ಇದನ್ನ ಕ್ಲಾಸಿನ್ಯಾಗ ಕೊಟ್ಟಾರಂತ. ನಮ್ಮ ಮಗಳು ಇದರಾಗಿನ ಹನ್ನೊಂದನೇದ್ದು ಹೇಳಿ ಹೇಳಿ ನಗಾಕತ್ತಾಳ. ಇಂಗ್ಲೀಷಿನ್ಯಾಗ ಅದ. ಜರಾ ಓದಿ ಕನ್ನಡದಾಗ ಹೇಳ್ರಿ, ಇವರೂ ಕೇಳಲಿ."

ಕಟ್ಟೆಯ ಮೇಲಿದ್ದವರೆಲ್ಲ ಹತ್ತಿರ ಸರಿದರು. ನಾನು ಮಾಸ್ತರ ಕಂಠದಲ್ಲಿ ಶುರು ಮಾಡಿದೆ.

"ಪ್ರಶ್ನೆ ಹನ್ನೊಂದು. ಒಬ್ಬ ಮನುಷ್ಯ ಇಪ್ಪತ್ತೆಂಟು ಕಿಲೋ ಸುಟ್ಟ ಸುಣ್ಣವನ್ನು ಪ್ಲಾಸ್ಟಿಕ್ ಟಬ್ಬಿನಲ್ಲ..."

ಹಾಳೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದೆ.

"ಓದ್ರಿ, ಓದ್ರಿ," ಎಂದರು ಎಲ್ಲರೂ.

"...ಟಬ್ಬಿನಲ್ಲಿಟ್ಟು, ಬರೋಬ್ಬರಿ ಒಂಬತ್ತು ಲೀಟರ್ ನೀರು ಹಾಕಿದ. ಟಬ್ ಕರಗಿತು. ಕಾರಣವೇನು? ಒಂದು, ಸುಣ್ಣ ಹೆಚ್ಚಾಯಿತು. ಎರಡು, ನೀರು ತಪ್ಪಾಗಿ ಅಳೆದ. ಮೂರು, ಟಬ್ ಹಳೆಯದಿತ್ತು. ನಾಲ್ಕು, ಲೆಕ್ಕ ಸರಿ ಇತ್ತು, ಮಾಡಿದವನಿಗೆ ಮುಂದಿನ ಪಾಠ ಗೊತ್ತಿರಲಿಲ್ಲ."

ಕಟ್ಟೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಎಲ್ಲರಿಗಿಂತ ತುಸು ಜೋರಾಗಿಯೇ ನಕ್ಕೆ.

"ಇದು ಖರೇ ನಡದದ್ದಂತ್ರಿ," ಎಂದರು ದೌಲತರಾಯರು ಕಣ್ಣೊರೆಸಿಕೊಳ್ಳುತ್ತ. "ಆಳಂದದ ಯಾರೋ ಇತಿಹಾಸದ ಮಾಸ್ತರಂತ. ಅವರ ಮಗಳೇ ಕ್ಲಾಸಿನ್ಯಾಗ ಹೇಳಿದಳಂತ. ಅಲ್ರಿ, ಇಂಥ ಶಾಣ್ಯಾ ಇರ್ತಾರೇನ್ರಿ?"

"ಇರ್ತಾರ್ರಿ, ಒಬ್ಬೊಬ್ಬರು," ಎಂದೆ.

"ನಿಮ್ಮದು ಯಾವೂರ್ರಿ?"

ನೂರಾರು ಸುಲ್ತಾನರ ಸುಳ್ಳುಗಳನ್ನು ಪಾಠ ಮಾಡಿದವನು ನಾನು. ಕಣ್ಣು ಮಿಟುಕಿಸಲಿಲ್ಲ. "ಅಫಜಲಪುರ."

"ಏನು ಕಲಸ್ತೀರಿ?"

"ಭೂಗೋಳ."

"ಕೈಗೇನಾಗ್ಯದ್ರಿ? ತೊಗಲು ಸುಲದಂಗ ಕಾಣ್ತದ."

ಹೆಗಲ ಮೇಲಿನ ಟವೆಲನ್ನು ತೊಡೆಗೆಳೆದು ಕೈಗಳನ್ನು ಅದರೊಳಗೆ ಸರಿಸಿಕೊಂಡೆ. "ಹೊಲದಾಗ ಬಿಸಿಲಿಗಿ."

ದೌಲತರಾಯರು ಮತ್ತೇನನ್ನೂ ಕೇಳಲಿಲ್ಲ. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಗೆದ್ದೆ ಎಂದುಕೊಂಡು ನಾನು ಬೇವಿನ ಮರಕ್ಕೆ ಬೆನ್ನು ಹಚ್ಚಿದೆ. ಅಷ್ಟರಲ್ಲಿ ಕ್ಲಾಸು ಬಿಟ್ಟಿತು. ಮೆಟ್ಟಿಲ ಮೇಲಿಂದ ಮಹಾನಂದಾ ಇಡೀ ಕಟ್ಟೆಗೆ ಕೇಳುವಂತೆ ಕೂಗಿದಳು.

"ಅಪ್ಪಾ, ಜಲ್ದಿ ಬರ್ರಿ, ಆಳಂದ ಬಸ್ಸು ಹೋಗ್ತದ!"

ಕಟ್ಟೆಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಎದ್ದೆ. ದೌಲತರಾಯರೂ ಮರ್ಯಾದೆಯಿಂದ ಎದ್ದು, ರುಮಾಲು ಸರಿಮಾಡಿಕೊಂಡು, ಕೆಳಗೆ ಬಿದ್ದ ನನ್ನ ಟವೆಲನ್ನು ಎತ್ತಿ ಸುಟ್ಟ ಕೈಗಳ ಮೇಲೆ ಹೊದಿಸಿ ಕೇಳಿದರು.

"ಅಫಜಲಪುರಕ್ಕ ಆಳಂದದ ಮ್ಯಾಲಿಂದ ಹೊಂಟೀರೇನ್ರಿ, ಭೂಗೋಳದ ಮಾಸ್ತರ್ರ?"